ನೀರು ಕುಡಿದ ಹೊಲ, ಉಪ್ಪು ತಿಂದ ಮಣ್ಣು

ಮಾರ್ಚ್ ತಿಂಗಳ ಎಳೆಬಿಸಿಲಲ್ಲಿ ಮೂಡಲಗಿ ಸುತ್ತಿನ ಯಾವುದಾದರೂ ಕಾಲುವೆಯ ದಂಡೆ ಹಿಡಿದು ನಡೆಯಿರಿ. ಎತ್ತ ನೋಡಿದರೂ ಕಬ್ಬು. ಆದರೆ ಅಲ್ಲಲ್ಲಿ, ತಲೆಗೂದಲು ಉದುರಿದ ಜಾಗದಂತೆ, ಬೋಳು ತುಣುಕುಗಳು ಕಾಣುತ್ತವೆ. ಅವುಗಳ ಅಂಚಿನಲ್ಲಿ ಕಬ್ಬು ಮೊಣಕಾಲೆತ್ತರಕ್ಕೇ ನಿಂತುಬಿಟ್ಟಿರುತ್ತದೆ. ಎಲೆಯ ತುದಿ ಬೆಂಕಿ ತಾಗಿದಂತೆ ಸುಟ್ಟಿರುತ್ತದೆ. ನಡುವೆ, ಯಾರೋ ಜೋಳದ ಹಿಟ್ಟು ಸಾಣಿಸಿ ಹೋದಂತೆ, ನೆಲದ ಮೇಲೆ ಬಿಳಿ ಪುಡಿ. ಕಾಲಿಟ್ಟರೆ ಹಪ್ಪಳ ಮುರಿದ ಸದ್ದು. ಅದರಡಿಯ ಮಣ್ಣು ಪುಸಕ್ಕನೆ ಕುಸಿಯುತ್ತದೆ. ಹೊಲದವರನ್ನು ಕೇಳಿದರೆ ಹೇಳುವುದು ಇಷ್ಟೇ: "ಸವಳು ಹತ್ತೇತ್ರಿ. ಮೊದ್ಲ ಒಂದ್ ಹಾಸಿಗಿ ಅಗಲ ಇತ್ತು, ಈಗ ಅರ್ಧಾ ಎಕರೆ ನುಂಗೇತಿ."

ಆ ಪುಡಿಯನ್ನು ಒಂದು ಚಿಟಿಕೆ ಎತ್ತಿ ಭೂತಗನ್ನಡಿಯ ಕೆಳಗೆ ಹಿಡಿದರೆ ಅದು ಪುಡಿಯಲ್ಲ, ಹರಳು ಎಂದು ತಿಳಿಯುತ್ತದೆ. ಕೆಲವು ಸೂಜಿಯಂತೆ, ಕೆಲವು ಪುಟ್ಟ ಚೌಕಗಳಂತೆ. ಖನಿಜ ಎಂಬ ಮಾತಿಗೆ ಗಣಿಯಲ್ಲಿ ಹುಟ್ಟಿದ್ದು ಎಂದು ಅರ್ಥ. ಆದ್ದರಿಂದ ಖನಿಜವೆಂದರೆ ನಮಗೆ ಸುರಂಗ, ಸಿಡಿಮದ್ದು, ಕೋಟ್ಯಂತರ ವರ್ಷಗಳೇ ನೆನಪಾಗುತ್ತವೆ. ಇಲ್ಲಿ ನೋಡಿದರೆ ಖನಿಜ ನಮ್ಮ ಕಣ್ಣೆದುರೇ, ಒಂದೇ ಬೇಸಿಗೆಯಲ್ಲಿ, ಕಬ್ಬಿನ ಸಾಲಿನಲ್ಲಿ ಹುಟ್ಟುತ್ತಿದೆ. ಅದನ್ನು ಹುಟ್ಟಿಸುತ್ತಿರುವುದು ನಾವೇ ಹರಿಸಿದ ನೀರು.

ಹೇಗೆ ಎಂದು ತಿಳಿಯಲು ಹೊಲಕ್ಕೆ ಹೋಗುವ ಮೊದಲು ಅಡುಗೆಮನೆಗೆ ಹೋಗೋಣ. ಒಂದು ಸ್ಟೀಲ್ ತಾಟಿನಲ್ಲಿ ಉಪ್ಪುನೀರು ಹಾಕಿ, ಕಿಟಕಿಯ ಬಳಿ ಯಾರೂ ಮುಟ್ಟದಂತೆ ಇಡಿ. 100 ಮಿಲಿಲೀಟರ್ ನೀರು ಸುಮಾರು 36 ಗ್ರಾಂ ಉಪ್ಪನ್ನು ತನ್ನೊಳಗೆ ಅಡಗಿಸಿಟ್ಟುಕೊಳ್ಳಬಲ್ಲದು. ನೀರು ಆರುತ್ತ ಹೋದಂತೆ ಆರುವುದು ನೀರು ಮಾತ್ರ. ಉಪ್ಪಿಗೆ ರೆಕ್ಕೆ ಇಲ್ಲ. ಉಳಿದ ನೀರಿಗೆ ಹೊರಲಾರದಷ್ಟು ಹೊರೆಯಾದ ಗಳಿಗೆಯಲ್ಲಿ ಮೊದಲ ಹರಳು ಕೂರುತ್ತದೆ. ಆಮೇಲೆ ಬರುವ ಉಪ್ಪಿನ ಕಣಗಳು ಹೊಸ ಜಾಗ ಹುಡುಕುವ ಬದಲು ಕೂತ ಹರಳಿನ ಪಕ್ಕದಲ್ಲೇ ಸಾಲಾಗಿ ಕೂರುತ್ತವೆ. ನೆರಳಿನಲ್ಲಿ ನಿಧಾನಕ್ಕೆ ಆರಿದರೆ ಹರಳು ದೊಡ್ಡದು, ಅಂಚು ನೇರ. ಬಿಸಿಲಲ್ಲಿ ಬೇಗ ಆರಿದರೆ ಸಣ್ಣ ಪುಡಿ. ತಾಟಿನ ಅಂಚಿಗೆ ಮಾತ್ರ ಒಂದು ಬಿಳಿ ಉಂಗುರ ಏರಿರುತ್ತದೆ, ಏಕೆಂದರೆ ಅಲ್ಲಿ ನೀರಿನ ಪದರ ತೆಳು, ಆರುವ ವೇಗ ಹೆಚ್ಚು. ಈ ಉಂಗುರವನ್ನು ನೆನಪಿಟ್ಟುಕೊಳ್ಳಿ. ಹೊಲದಲ್ಲಿ ಮತ್ತೆ ಸಿಗುತ್ತದೆ.

ತಾಟಿನಲ್ಲಿ ಒಂದೇ ಉಪ್ಪು. ನಿಸರ್ಗದ ನೀರಿನಲ್ಲಿ ಹತ್ತಾರು. ಅವೆಲ್ಲ ಒಟ್ಟಿಗೆ ಬೀಳುವುದಿಲ್ಲ, ಸರದಿ ಇದೆ. ಕಡಿಮೆ ಕರಗುವುದು ಮೊದಲು, ಹೆಚ್ಚು ಕರಗುವುದು ಕೊನೆಗೆ. 1849ರಲ್ಲಿ ಉಸಿಗ್ಲಿಯೊ ಎಂಬ ಇಟಲಿಯ ರಸಾಯನಜ್ಞ ಮೆಡಿಟರೇನಿಯನ್ ಸಮುದ್ರದ ನೀರನ್ನು ಆರಿಸುತ್ತ ಈ ಸರದಿಯನ್ನು ಬರೆದಿಟ್ಟ. ನೀರು ಅರ್ಧಕ್ಕೆ ಇಳಿದಾಗ ಸುಣ್ಣದ ಅಂಶ ಕೂತಿತು. ಐದನೇ ಒಂದು ಭಾಗಕ್ಕೆ ಇಳಿದಾಗ ಜಿಪ್ಸಂ. ಹತ್ತನೇ ಒಂದು ಭಾಗಕ್ಕೆ ಬಂದಾಗ ನಮ್ಮ ಅಡುಗೆ ಉಪ್ಪು. ಕೊನೆಗೆ ಉಳಿದ ಕಹಿ ದ್ರವದಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ ಲವಣಗಳು.

ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಆಗರದಲ್ಲಿ ಉಪ್ಪು ತೆಗೆಯುವವರಿಗೆ ಉಸಿಗ್ಲಿಯೊ ಯಾರೆಂದು ಗೊತ್ತಿರಬೇಕಾಗಿಲ್ಲ, ಸರದಿ ಗೊತ್ತಿದ್ದರೆ ಸಾಕು. ಹಿನ್ನೀರನ್ನು ಒಂದು ಮಡಿಯಿಂದ ಇನ್ನೊಂದಕ್ಕೆ ದಾಟಿಸುತ್ತ ಗಟ್ಟಿ ಮಾಡುತ್ತಾರೆ. ಉಪ್ಪು ಕೂರುವ ಹೊತ್ತಿಗೆ ಕಟ್ಟಕಡೆಯ ಮಡಿ. ಅವರ ನಿಜವಾದ ಜಾಣತನ ಇರುವುದು ಕೊನೆಯ ಹೆಜ್ಜೆಯಲ್ಲಿ. ಉಪ್ಪು ಕೂತ ಮೇಲೆ ಉಳಿದ ಕಹಿನೀರನ್ನು ಹೊರಗೆ ಬಿಡುತ್ತಾರೆ. ಬಿಡದೆ ಪೂರ್ತಿ ಆರಿಸಿದರೆ ಮೆಗ್ನೀಸಿಯಂ ಕ್ಲೋರೈಡ್ ಉಪ್ಪಿನ ಜೊತೆ ಸೇರಿಕೊಳ್ಳುತ್ತದೆ. ಮಳೆಗಾಲದಲ್ಲಿ ಹರಳುಪ್ಪಿನ ಭರಣಿ ನೀರೊಡೆಯುತ್ತದಲ್ಲ, ಅದಕ್ಕೆ ಮುಖ್ಯ ಕಾರಣ ಹೀಗೆ ಅಂಟಿಕೊಂಡು ಬಂದ ಒಂದಿಷ್ಟು ಕಹಿ. ಅದು ಗಾಳಿಯ ತೇವವನ್ನು ಹೀರುತ್ತದೆ.

ಸಮುದ್ರ ನಮ್ಮಿಂದ ದೂರ. ಆದರೆ ಇದೇ ಪಾಠ ನಮ್ಮ ಗಾಣದಲ್ಲೂ ಇದೆ. ಕಬ್ಬಿನ ಹಾಲು ಕಡಾಯಿಯಲ್ಲಿ ಕುದಿಯುವಾಗ ನಡೆಯುವುದೂ ನೀರನ್ನು ಓಡಿಸುವ ಕೆಲಸವೇ. ಬೆಲ್ಲ ಮಾಡುವವರು ಹೊರಗೆ ಬಿಡುವುದು ಮೇಲೆ ಬಂದ ಕೊಳೆಯನ್ನು ಮಾತ್ರ. ಹಾಲಿನಲ್ಲಿ ಕರಗಿದ್ದ ಸಕ್ಕರೆ, ಖನಿಜ ಎಲ್ಲವೂ ಬೆಲ್ಲದ ಪೆಂಟಿಯಲ್ಲಿ ಉಳಿಯುತ್ತದೆ. ಸಂಕೇಶ್ವರದ ಹಿರಣ್ಯಕೇಶಿಯಂಥ ಸಕ್ಕರೆ ಕಾರ್ಖಾನೆಯಲ್ಲಿ ಹಾಗಲ್ಲ. ಅಲ್ಲಿ ಸಕ್ಕರೆ ಹರಳುಗಟ್ಟಿದ ಮೇಲೆ ಉಳಿದ ಕಾಕಂಬಿಯನ್ನು ಬೇರ್ಪಡಿಸುತ್ತಾರೆ. ಹಾಲಿನಲ್ಲಿದ್ದ ಪೊಟ್ಯಾಸಿಯಂ ಮುಂತಾದ ಲವಣಗಳು ಬಹುಪಾಲು ಕಾಕಂಬಿಯ ಜೊತೆ ಹೋಗುತ್ತವೆ. ಆಗರದ ಕಹಿನೀರು, ಕಾರ್ಖಾನೆಯ ಕಾಕಂಬಿ: ಎರಡೂ ಒಂದೇ ಜಾತಿ. ಹರಳುಗಟ್ಟಿಸುವ ಯಾವ ಕಸುಬಿನವರೂ ಹೊರದಾರಿ ಇಲ್ಲದೆ ಪಾತ್ರೆ ಕಟ್ಟುವುದಿಲ್ಲ.

ಈಗ ಹೊಲಕ್ಕೆ ಬರೋಣ. 19ನೇ ಶತಮಾನದ ಕೊನೆಗೆ ಧೂಪದಾಳದಲ್ಲಿ ಘಟಪ್ರಭೆಗೆ ಒಡ್ಡು ಬಿತ್ತು. 1970ರ ದಶಕದಲ್ಲಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ಅಡಿ ಹಿಡಿಯುವ ಜಲಾಶಯ ತುಂಬಿತು. ಜೋಳ, ಹತ್ತಿ, ಕುಸುಬೆ, ಕಡಲೆ ಬೆಳೆಯುತ್ತಿದ್ದ ಎರೆಭೂಮಿಗೆ ವರ್ಷದ ಬಹುಭಾಗ ನೀರು ಬಂತು. ನೀರು ಬಂದಲ್ಲಿ ಕಬ್ಬು ಬಂತು. ಗೋಕಾಕ, ಮೂಡಲಗಿ ಕಡೆ ಬೀಳುವ ಮಳೆ ವರ್ಷಕ್ಕೆ 500ರಿಂದ 700 ಮಿಲಿಮೀಟರ್. ಇಲ್ಲಿನ ಬಿಸಿಲು ಆರಿಸಬಲ್ಲ ನೀರು ಅದರ ಎರಡು ಪಟ್ಟಿಗೂ ಮಿಗಿಲು. ಅಂದರೆ ಇದು ಹುಟ್ಟಾ ಕಡಾಯಿಯಂಥ ನಾಡು. ಅದರೊಳಗೆ ಹಾಲು ಸುರಿಯುವವರು ಮಾತ್ರ ಇರಲಿಲ್ಲ, ಕಾಲುವೆ ಆ ಕೊರತೆ ನೀಗಿಸಿತು.

ಒಂದು ಲೆಕ್ಕ ಹಾಕೋಣ. ಕಬ್ಬಿಗೆ ವರ್ಷಕ್ಕೆ 1,500 ಮಿಲಿಮೀಟರ್ ನೀರು ಬಿಟ್ಟರೆ ಒಂದು ಎಕರೆಗೆ ಸುಮಾರು 60 ಲಕ್ಷ ಲೀಟರ್ ಆಯಿತು. ಹೊಳೆಯ ನೀರು ಸಿಹಿ ಎನ್ನುತ್ತೇವೆ. ಆದರೂ ಲೀಟರಿಗೆ 200 ಮಿಲಿಗ್ರಾಂ ಲವಣ ಎಂದು ಹಿಡಿಯಿರಿ. ನಾಲಿಗೆಗೆ ಗೊತ್ತೇ ಆಗದಷ್ಟು. ಆದರೆ 60 ಲಕ್ಷದಿಂದ ಗುಣಿಸಿದರೆ 1,200 ಕಿಲೋ. ಐವತ್ತು ಕಿಲೋದ 24 ಚೀಲ. ಲೀಟರಿಗೆ ಒಂದು ಗ್ರಾಂ ಲವಣ ಇರುವ ಬೋರಿನ ನೀರಾದರೆ 120 ಚೀಲ. ಗೊಬ್ಬರದ ಚೀಲವನ್ನು ಎಣಿಸಿ ಹಾಕುವ ನಾವು ಈ ಚೀಲಗಳನ್ನು ಎಂದೂ ಎಣಿಸಿಲ್ಲ. ಕಬ್ಬು ಇದರಲ್ಲಿ ಕುಡಿಯುವುದು ಅಲ್ಪ; ಬೇರು ನೀರನ್ನು ಹೀರಿ ಉಪ್ಪನ್ನು ಬಹುಪಾಲು ಹೊರಗೇ ಬಿಡುತ್ತದೆ. ಒಳ್ಳೆಯ ಮಳೆ ಬಂದು, ನೀರು ಆಳಕ್ಕೆ ಬಸಿದು, ಹಳ್ಳದ ದಾರಿ ಹಿಡಿದರೆ ಚೀಲಗಳೂ ಅದರ ಜೊತೆ ಹೋಗುತ್ತವೆ. ಹಳ್ಳವನ್ನೇ ಉತ್ತು ಹೊಲ ಮಾಡಿದ್ದರೆ ಎಲ್ಲಿಗೆ ಹೋಗಬೇಕು?

ಬಸಿಯದ ನೀರು ಕೆಳಗೆ ನಿಂತು ಮೇಲಕ್ಕೆ ಏರುತ್ತದೆ. ಅಂತರ್ಜಲ ಒಂದೂವರೆ, ಎರಡು ಮೀಟರಿಗೆ ಬಂದರೆ ಎರೆಮಣ್ಣು ಹಣತೆಯ ಬತ್ತಿಯಂತೆ ಕೆಲಸ ಮಾಡತೊಡಗುತ್ತದೆ. ಕೆಳಗಿನ ನೀರನ್ನು, ಅದರ ಜೊತೆ ಮಣ್ಣು ಹಿಂದಿನಿಂದಲೂ ಒಳಗೆ ಇಟ್ಟುಕೊಂಡಿದ್ದ ಲವಣವನ್ನು, ನೆತ್ತಿಗೆ ಎಳೆಯುತ್ತದೆ. ನೆತ್ತಿಯಲ್ಲಿ ಬಿಸಿಲು ನೀರನ್ನು ಒಯ್ಯುತ್ತದೆ, ಹರಳು ಉಳಿಯುತ್ತದೆ. ಇನ್ನು ತಾಟಿನ ಉಂಗುರ. ಸಾಲಿನಲ್ಲಿ ನೀರು ಹರಿದ ಹೊಲವನ್ನು ಎರಡು ದಿನ ಬಿಟ್ಟು ನೋಡಿ. ಸಾಲು ಕಪ್ಪಗೇ ಇರುತ್ತದೆ, ಬೋದಿನ ನೆತ್ತಿ ಬೆಳ್ಳಗಾಗಿರುತ್ತದೆ. ನೀರು ಬಿಟ್ಟದ್ದು ಕೆಳಗೆ, ಉಪ್ಪು ಎದ್ದದ್ದು ಮೇಲೆ.

ಬಿಳಿ ಪುಡಿಯಡಿಯ ಮಣ್ಣು ಹುರಿಟ್ಟಿನಂತೆ ಉಬ್ಬಿರುವುದೇಕೆ? ಅಲ್ಲಿ ಸೋಡಿಯಂ ಸಲ್ಫೇಟ್ ಹೆಚ್ಚಾಗಿದ್ದರೆ ಅದರದೊಂದು ಆಟ ನಡೆಯುತ್ತದೆ. ಚಳಿಗೆ ಈ ಲವಣದ ಒಂದೊಂದು ಅಣು ಹತ್ತು ಅಣು ನೀರನ್ನು ಮಡಿಲಲ್ಲಿ ಕಟ್ಟಿಕೊಂಡು ಹರಳಾಗುತ್ತದೆ. ಬಿಸಿಲೇರಿ ಗಾಳಿ ಒಣಗಿದರೆ ಆ ನೀರನ್ನೆಲ್ಲ ಬಿಟ್ಟು ಪುಡಿಯಾಗುತ್ತದೆ. ನೀರು ಕಟ್ಟಿಕೊಂಡಾಗ ಅದರ ಗಾತ್ರ ನಾಲ್ಕು ಪಟ್ಟು. ರಾತ್ರಿ ಹಿಗ್ಗಿ ಹಗಲು ಕುಗ್ಗಿ, ಹೀಗೆ ಮಣ್ಣನ್ನು ಒಳಗಿಂದಲೇ ಎತ್ತಿ ಎತ್ತಿ ಸಡಿಲ ಮಾಡುತ್ತದೆ. ಹಳೆಯ ಗೋಡೆಯ ಬುಡದಲ್ಲಿ ಗಾರೆ ಚಕ್ಕೆ ಚಕ್ಕೆಯಾಗಿ ಉದುರುವುದರ ಹಿಂದೆಯೂ ಹಲವು ಸಲ ಇದೇ ಲವಣ ಇರುತ್ತದೆ.

ಇಷ್ಟಾದರೂ ಬಿಳಿ ಸವಳಿಗೆ ಮದ್ದು ಸುಲಭ: ಸಿಹಿನೀರಲ್ಲಿ ತೊಳೆದು ಹೊರಗೆ ಬಸಿದರೆ ಹೋಗುತ್ತದೆ. ಕಾಡುವುದು ಇನ್ನೊಂದು. ಕೆಲವು ಹೊಲಗಳಲ್ಲಿ ಬಿಳುಪೇ ಇರುವುದಿಲ್ಲ. ನೆಲ ಎಂಜಿನ್ ಆಯಿಲ್ ಚೆಲ್ಲಿದಂತೆ ಕಪ್ಪಗೆ ಮಿರುಗುತ್ತದೆ. ಮಳೆ ಬಂದರೆ ನೀರು ಇಂಗದೆ ದಿನಗಟ್ಟಲೆ ನಿಲ್ಲುತ್ತದೆ, ಒಣಗಿದರೆ ಕಲ್ಲು. ಕುಂಟೆ ಹೊಡೆದರೆ ಹೆಂಟೆ. ಅದು ಕ್ಷಾರದ ನೆಲ, ಸೋಡಾದ ಕೆಲಸ.

ಇದು ಹುಟ್ಟುವ ಬಗೆ ಸ್ವಾರಸ್ಯವಾಗಿದೆ. ನಮ್ಮ ಹೊಳೆಗಳು ಹರಿದು ಬರುವುದು ಕರಿಕಲ್ಲಿನ ನಾಡಿನಿಂದ. ಆ ಕಲ್ಲನ್ನು ತೊಳೆದ ನೀರಿನಲ್ಲಿ ಕ್ಯಾಲ್ಸಿಯಂ ಇದೆ, ಸೋಡಿಯಂ ಇದೆ, ಬೈಕಾರ್ಬೊನೇಟ್ ಇದೆ. ನೀರು ಆರುವಾಗ ಸರದಿಯಂತೆ ಮೊದಲು ಕೂರುವುದು ಸುಣ್ಣ. ಎರೆಮಣ್ಣನ್ನು ಅಗೆದಾಗ ಸಿಗುವ ಬಿಳಿ ಹರಳುಗಲ್ಲು ಬಹುಮಟ್ಟಿಗೆ ಹೀಗೆಯೇ ಕೂಡಿಕೊಂಡದ್ದು. ಸುಣ್ಣ ಕೂರಲು ಕ್ಯಾಲ್ಸಿಯಮ್ಮೂ ಬೇಕು, ಕಾರ್ಬೊನೇಟೂ ಬೇಕು. ಇಬ್ಬರಲ್ಲಿ ಯಾರು ಮೊದಲು ಮುಗಿಯುತ್ತಾರೆ ಎಂಬುದರ ಮೇಲೆ ಮುಂದಿನ ಕಥೆ ನಿಂತಿದೆ. ಕಾರ್ಬೊನೇಟ್ ಮೊದಲು ಮುಗಿದರೆ ಉಳಿದ ಕ್ಯಾಲ್ಸಿಯಂ ಸಲ್ಫೇಟಿನ ಜೊತೆ ಸೇರಿ ಜಿಪ್ಸಂ ಆಗುತ್ತದೆ, ನೀರು ಕ್ಷಾರವಾಗುವುದಿಲ್ಲ. ಕ್ಯಾಲ್ಸಿಯಂ ಮೊದಲು ಮುಗಿದರೆ ಉಳಿದ ಕಾರ್ಬೊನೇಟಿಗೆ ಜೊತೆಯಾಗಲು ಸೋಡಿಯಂ ಸಿಗುತ್ತದೆ. ಅದೇ ಸೋಡಾ, ಅದೇ ಕ್ಷಾರ. 1970ರಲ್ಲಿ ಹಾರ್ಡಿ ಮತ್ತು ಯೂಗ್‌ಸ್ಟರ್ ಎಂಬ ಭೂರಸಾಯನ ವಿಜ್ಞಾನಿಗಳು ಒಣನಾಡಿನ ಸರೋವರಗಳನ್ನು ವಿವರಿಸಿದ್ದು ಈ ಕವಲುದಾರಿಯಿಂದಲೇ. ಕರಿಕಲ್ಲಿನ ಮೇಲಿನ ನೀರು ಸಾಮಾನ್ಯವಾಗಿ ಎರಡನೇ ದಾರಿ ಹಿಡಿಯುತ್ತದೆ. ಮಹಾರಾಷ್ಟ್ರದ ಲೋಣಾರದಲ್ಲಿ ಕರಿಕಲ್ಲಿನ ನಡುವೆ ಉಲ್ಕೆ ಬಿದ್ದು ಆದ ಗುಂಡಿಯಲ್ಲಿ ನೀರು ನಿಂತಿದೆ. ಬರುವ ದಾರಿ ಇದೆ, ಹೋಗುವ ದಾರಿ ಇಲ್ಲ. ಆ ಕೆರೆ ಸೋಡಾ ಕೆರೆಯಾಗಿ ಕೂತಿದೆ. ಹೊರದಾರಿ ಇಲ್ಲದ ಎರೆಹೊಲವೆಂದರೆ ಸಪಾಟಾದ ಲೋಣಾರ.

ಸವಳು ಎಂದರೆ ಶಾಪವೆಂದೇ ಹಿಂದಿನವರು ತಿಳಿದಿರಲಿಲ್ಲ. ಸಾಬೂನು ಬರುವ ಮೊದಲು ಅಗಸರು ಬಟ್ಟೆಗೆ ಬಳಸುತ್ತಿದ್ದದ್ದು ಇದೇ ಸೋಡಾ ತುಂಬಿದ ಸವಳು ಮಣ್ಣು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಂದಿನ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲಿ ಬಳೆಗೆ ಗಾಜು ಮಾಡುವುದನ್ನು ಬರೆದಿಟ್ಟಿದ್ದಾನೆ. ಆ ಗಾಜಿಗೆ ಬೇಕಾದ ಸೋಡಾ ಸಿಗುತ್ತಿದ್ದುದೂ ಇಂಥ ಮಣ್ಣಿನಿಂದ. ಉಪ್ಪುಮಣ್ಣನ್ನು ನೀರಲ್ಲಿ ಕದಡಿ, ಸೋಸಿ, ಆ ತಿಳಿಯನ್ನು ಬಿಸಿಲಿಗೆ ಆರಿಸಿ ಉಪ್ಪು ತೆಗೆಯುವುದೇ ಒಂದು ಸಮುದಾಯದ ಕುಲಕಸುಬಾಗಿತ್ತು. ಉಪ್ಪಾರ ಎಂಬ ಹೆಸರಿನಲ್ಲೇ ಉಪ್ಪು ಕೂತಿದೆ. ಗೋಕಾಕ, ಮೂಡಲಗಿ ಸೀಮೆಯಲ್ಲಿ ಆ ಹೆಸರು ಯಾರಿಗೂ ಹೊಸದಲ್ಲ. ಬ್ರಿಟಿಷರು ಉಪ್ಪಿನ ಮೇಲೆ ತಮ್ಮದೇ ಹಿಡಿತ ಸಾಧಿಸಿದಾಗ ಅವರ ಆಡಳಿತದ ಸೀಮೆಗಳಲ್ಲಿ ಮಣ್ಣುಪ್ಪಿನ ಕಸುಬು ಕಾನೂನಿನ ಹೊಡೆತಕ್ಕೆ ಸಿಕ್ಕಿತು. ಒಂದು ಮಾತು ಗಮನಿಸಿ: ಅಂದು ಸವಳು ಇದ್ದದ್ದು ತಗ್ಗಿನ ಪಾಳು ನೆಲದಲ್ಲಿ, ಜನ ಹುಡುಕಿಕೊಂಡು ಹೋಗಿ ತರುತ್ತಿದ್ದರು. ಇಂದು ಅದೇ ನಮ್ಮನ್ನು ಹುಡುಕಿಕೊಂಡು ಹೊಲಕ್ಕೆ ಬಂದಿದೆ.

ಕ್ಷಾರದ ನೆಲಕ್ಕೆ ಕೃಷಿ ಇಲಾಖೆಯವರು ಜಿಪ್ಸಂ ಹಾಕಿ ಎನ್ನುವುದೇಕೆ ಎಂಬುದಕ್ಕೆ ಉತ್ತರವೂ ಆ ಕವಲುದಾರಿಯಲ್ಲೇ ಇದೆ. ಮಣ್ಣಿನ ಕಣಗಳಿಗೆ ಕ್ಯಾಲ್ಸಿಯಂ ಅಂಟಿಕೊಂಡಿದ್ದರೆ ಅವು ಗುಂಪು ಕಟ್ಟಿ ಕೂರುತ್ತವೆ, ನಡುವೆ ನೀರು ಇಳಿಯಲು ಸಂದು ಇರುತ್ತದೆ. ಆ ಜಾಗವನ್ನು ಸೋಡಿಯಂ ಹಿಡಿದರೆ ಕಣಗಳು ಬಿಡಿಬಿಡಿಯಾಗಿ ಚದುರಿ ಸಂದುಗಳನ್ನೇ ಮುಚ್ಚುತ್ತವೆ. ಜಿಪ್ಸಂ ಹಾಕಿದರೆ ಮುಗಿದುಹೋಗಿದ್ದ ಕ್ಯಾಲ್ಸಿಯಂ ಮತ್ತೆ ಬಂತು. ಅದು ಸೋಡಿಯಮ್ಮನ್ನು ಎಬ್ಬಿಸಿ ತಾನು ಕೂರುತ್ತದೆ. ಎದ್ದ ಸೋಡಿಯಂ ಸಲ್ಫೇಟಿನ ಕೈ ಹಿಡಿದು ನೀರಿನಲ್ಲಿ ಕರಗುತ್ತದೆ. ಎರಡನೇ ದಾರಿ ಹಿಡಿದ ಹೊಲವನ್ನು ಕೈಹಿಡಿದು ಮೊದಲನೇ ದಾರಿಗೆ ತಂದಂತೆ. ನಮ್ಮ ದೇಶದ ಗಣಿ ಜಿಪ್ಸಂ ಬಹುಪಾಲು ಬರುವುದು ರಾಜಸ್ಥಾನದಿಂದ. ಅದೂ ಎಂದೋ ಒಣಗಿದ ನೀರಿನ ತಳದಲ್ಲಿ ಕೂತ ಹರಳೇ. ಒಂದು ಆವಿಯ ಹರಳು ಇನ್ನೊಂದು ಆವಿಯ ಹರಳನ್ನು ಓಡಿಸುತ್ತದೆ.

ಆದರೆ ಎಬ್ಬಿಸಿದ ಸೋಡಿಯಂ ಹೋಗುವುದೆಲ್ಲಿಗೆ? ಇಲ್ಲಿಯೇ ನಮ್ಮವರ ದುಡ್ಡು ಮಣ್ಣುಪಾಲಾಗುವುದು. ಬಸಿಗಾಲುವೆ ಇಲ್ಲದ ಹೊಲಕ್ಕೆ ಜಿಪ್ಸಂ ಹಾಕುವುದೆಂದರೆ ಮನೆ ಗುಡಿಸಿ ಕಸವನ್ನು ಚಾಪೆಯಡಿ ತಳ್ಳಿದ ಹಾಗೆ. ಬಿಳಿ ಸವಳಿಗಂತೂ ಜಿಪ್ಸಂ ಬೇಕಾಗುವುದೇ ಅಪರೂಪ. ಹಾಗಾಗಿ ಮೊದಲು ಮಣ್ಣು ಪರೀಕ್ಷೆ. ಪಿಎಚ್ 8.5 ದಾಟಿದ್ದರೆ ಸೋಡಾದ ಗುಮಾನಿ. ಪಿಎಚ್ ಅದರೊಳಗಿದ್ದು ಉಪ್ಪಿನ ಅಳತೆಯಾದ ಇ.ಸಿ. ಏರಿದ್ದರೆ ಬರೀ ಉಪ್ಪು. ಡಯಾಂಚದಂಥ ಹಸಿರೆಲೆ ಗೊಬ್ಬರ, ಹನಿ ನೀರಾವರಿ, ಕಬ್ಬಿನ ರವದಿಯ ಹೊದಿಕೆ ಇವೆಲ್ಲ ಆರುವ ನೀರನ್ನು ಕಡಿಮೆ ಮಾಡುತ್ತವೆ, ಮಣ್ಣನ್ನು ಬಿಡಿಸುತ್ತವೆ. ಹನಿ ನೀರಾವರಿಯಲ್ಲೂ ತೇವದ ವೃತ್ತದ ಅಂಚಿಗೆ ಬಿಳಿ ಉಂಗುರ ಕೂರುತ್ತದೆ ಎಂಬುದು ಮಾತ್ರ ನೆನಪಿರಲಿ. ಉಪ್ಪು ಸರಿದದ್ದು, ಹೋದದ್ದಲ್ಲ.

ಹೋಗಬೇಕಾದರೆ ತಗ್ಗು ಬೇಕು, ತಗ್ಗಿಗೆ ಹಳ್ಳ ಬೇಕು. ಮಣ್ಣಿನೊಳಗೆ ತೂತಿನ ಪೈಪು ಹೂಳಿ ನೀರನ್ನು ಬಸಿಯುವ ವಿಧಾನ ಇದೆ, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಸವಳು ನೆಲದ ಮೇಲೆ ಬಹಳ ಕಾಲದಿಂದ ಕೆಲಸ ಮಾಡುತ್ತಿದೆ, 1969ರಲ್ಲಿ ಹುಟ್ಟಿದ ಕರ್ನಾಲದ ಕೇಂದ್ರೀಯ ಸಂಸ್ಥೆ ಇದಕ್ಕೆಂದೇ ಇದೆ. ವಿದ್ಯೆಗೆ ಕೊರತೆ ಇಲ್ಲ. ತೊಡಕು ಇರುವುದು ಬೇರೆ ಕಡೆ. ಕಾಲುವೆಯ ನೀರು ಒಬ್ಬೊಬ್ಬರ ಹೊಲಕ್ಕೆ ಪ್ರತ್ಯೇಕವಾಗಿ ಬರಬಹುದು. ಬಸಿದ ನೀರು ಪ್ರತ್ಯೇಕವಾಗಿ ಹೋಗಲಾರದು. ನನ್ನ ಹೊಲದ ಬಸಿ ಕೆಳಗಿನವನ ಹೊಲ ದಾಟಬೇಕು, ಅವನದು ಅವನ ಕೆಳಗಿನವನದನ್ನು. ನಡುವೆ ಒಬ್ಬ ಹಳ್ಳ ಮುಚ್ಚಿ ಎರಡು ಸಾಲು ಕಬ್ಬು ಹೆಚ್ಚಿಗೆ ಹಚ್ಚಿದರೆ ಮೇಲಿನವರೆಲ್ಲರ ಹೊಲ ಕಡಾಯಿಯಾಗುತ್ತದೆ. ನೀರು ತರುವುದಕ್ಕೆ ನಾವು ಮೋರ್ಚಾ ಮಾಡಿದ್ದೇವೆ, ರಸ್ತೆ ತಡೆದಿದ್ದೇವೆ. ನೀರು ಕಳಿಸುವುದಕ್ಕೆ ನಾಲ್ಕು ಜನ ಒಂದು ಬದುವಿನ ಮೇಲೆ ಕೂತು ಮಾತಾಡಿದ್ದು ಕಡಿಮೆ.

ಉಪ್ಪು ತಿಂದವ ನೀರು ಕುಡಿಯಬೇಕು ಎಂಬ ಗಾದೆ ಎಲ್ಲರಿಗೂ ಗೊತ್ತು. ಹೊಲದ ಗಾದೆ ಅದರ ತಿರುಗಾಮುರುಗಾ. ನೀರು ಕುಡಿದ ಹೊಲ ಉಪ್ಪು ತಿನ್ನುತ್ತದೆ, ಕುಡಿದದ್ದನ್ನು ಬಸಿಯಲು ನಾವು ದಾರಿ ಬಿಡದಿದ್ದರೆ.

ಇದನ್ನು ಅರಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ಸವಳು ಹೊಲದ ಕಬ್ಬಿನ ಹಾಲು ಕಡಾಯಿಯಲ್ಲಿ ಕುದಿದು ಹದಕ್ಕೆ ಬಂದರೂ ಬೆಲ್ಲ ಸರಿಯಾಗಿ ಕಟ್ಟುವುದಿಲ್ಲ. ಕಟ್ಟಿದರೂ ಮಳೆಗಾಲಕ್ಕೆ ಬೆವರುತ್ತದೆ. ಕಬ್ಬು ಹೊರಗಿಡಲಾಗದೆ ಹೀರಿದ ಒಂದಿಷ್ಟು ಉಪ್ಪು, ಹೊರದಾರಿ ಇಲ್ಲದ ಇನ್ನೊಂದು ಪಾತ್ರೆಯಲ್ಲಿ ಮತ್ತೊಮ್ಮೆ ಆರಿ ಗಟ್ಟಿಯಾಗಿರುತ್ತದೆ. ಹೊಸ ಪೆಂಟಿಯ ಚೂರೊಂದನ್ನು ಬಾಯಿಗೆ ಹಾಕಿಕೊಂಡಾಗ ಸಿಹಿಯ ಹಿಂದೆಯೇ ನಾಲಿಗೆಯ ಅಂಚಿಗೆ ಉಪ್ಪು ತಾಗಿದರೆ, ಗಾಣದವರನ್ನು ಬೈಯಬೇಡಿ. ಆ ಕಬ್ಬು ಬಂದ ಹೊಲ ಯಾವುದು, ಅದರ ಕೆಳಗಿದ್ದ ಹಳ್ಳ ಈಗ ಎಲ್ಲಿದೆ ಎಂದು ಕೇಳಿ.